ಎಪ್ಪತ್ತು ದಾಟಿದ ಮಗಳು

ಐವತ್ತು ತುಂಬುವ ಹೊತ್ತಿಗೇ ನನ್ನಮ್ಮ ಹೊರಡಲು ಸಿದ್ಧಳಾಗಿ ಕೂತಿದ್ದಳು. ಕುಣಿಗಲ್ ಕಡೆಯ ತನ್ನ ತವರಿನಲ್ಲಿ ಐವತ್ತೈದು ದಾಟಿದ ಹೆಂಗಸನ್ನು ಅವಳು ಕಂಡಿರಲಿಲ್ಲ. ಅವಳ ಅಮ್ಮನಂತೂ ಹೆರಿಗೆಯಲ್ಲೇ ಹೋಗಿದ್ದರು. ಹಾಗಾಗಿ ಒಳ್ಳೆಯ ಸೀರೆಗಳನ್ನೆಲ್ಲ ಅಕ್ಕನಿಗೂ ನನಗೂ ಹಂಚಿಬಿಟ್ಟಳು. ಎರಡೂ ಕಣ್ಣಿಗೆ ಪೊರೆ ಬಂದು ಸಾರಿಗೆ ಉಪ್ಪು ಎರಡೆರಡು ಸಲ ಬೀಳುತ್ತಿದ್ದರೂ, ಆಪರೇಷನ್ ಮಾತೆತ್ತಿದರೆ ಬೇಡವೆಂದು ಕೈಯಾಡಿಸುತ್ತಿದ್ದಳು.

"ಇನ್ನೆಷ್ಟ್ ದಿನ ನೋಡ್ಬೇಕು ನಾನು, ಬುಡು."

ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗುಬ್ಬಿಯಲ್ಲಿ ಟೀಚರ್ ಆಗಿದ್ದ ನಾನು ದಿನಾ ಬಸ್ಸಿನಲ್ಲಿ ಹೋಗಿಬಂದು, ಸಂಜೆ ಅವಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. ಅವಳಿಗೇನೂ ಸಾಯುವ ಅವಸರವಿರಲಿಲ್ಲ. ಆಯಸ್ಸು ಎಂದರೆ ಅಷ್ಟೇ ಎಂದು ತಿಳಿದಿದ್ದಳು.

ಬಟವಾಡಿ ಬಡಾವಣೆಯ ನಮ್ಮ ಮನೆಯ ಮಹಡಿಯಲ್ಲಿ ಕೇರಳದ ನರ್ಸ್ ಒಬ್ಬಳು ಬಾಡಿಗೆಗಿದ್ದಳು. ಎಂಬತ್ತರ ದಶಕದ ಶುರುವಿರಬೇಕು, ಒಂದು ಬೇಸಿಗೆಯಲ್ಲಿ ಅವಳ ತಾಯಿ ಬಂದರು. ಎಪ್ಪತ್ತು ದಾಟಿದವರು, ರೈಲು ಬದಲಿಸಿಕೊಂಡು ಒಬ್ಬರೇ ಬಂದು, ಹಲಸಿನ ಚಿಪ್ಸ್ ಡಬ್ಬಿ ಹಿಡಿದು ಸರಸರ ಮೆಟ್ಟಿಲು ಹತ್ತಿದರು. ಸದ್ದು ಕೇಳಿದ ಅಮ್ಮ ಯಾರೋ ಹುಡುಗಿ ಎಂದುಕೊಂಡಳು.

ಮಾರನೆಯ ದಿನ ಅಮ್ಮ ಅವರನ್ನು ಕೆಳಗೆ ಕರೆದು ಕಾಫಿ ಕೊಟ್ಟಳು. ಇನ್ನೊಂದು ವಾರ ಇದ್ದು ಹೋಗಿ ಎಂದಳು. ಅವರು ಮಲಯಾಳಂನಲ್ಲಿ ಏನೋ ಹೇಳಿ ನಕ್ಕರು. ಅದನ್ನು ಮಗಳು ಕನ್ನಡದಲ್ಲಿ ಹೇಳಿದಳು.

"ಆಗಲ್ವಂತೆ ಅಮ್ಮ. ಶನಿವಾರ ಬರ್ತೀನಿ ಅಂತ ಹೇಳಿ ಬಂದಿದ್ದಾರೆ. ತಡ ಆದ್ರೆ ಅವರಮ್ಮ ಬೈತಾರೆ."

"ಯಾರು?"

"ಅವರಮ್ಮ. ನನ್ನ ಅಜ್ಜಿ."

ಅಮ್ಮ ಲೋಟ ಕೆಳಗಿಟ್ಟಳು. "ಇದಾರಾ?"

"ಇದಾರೆ. ಅಷ್ಟು ವಯಸ್ಸಾದವರು ನಮ್ಮ ಬೀದೀಲಿ ಇನ್ನೂ ಕೆಲವರು ಇದಾರೆ."

ಒಂದೇ ದೇಶ, ಒಂದು ರಾತ್ರಿಯ ರೈಲಿನ ದೂರ. ಅಲ್ಲಿ ಎಪ್ಪತ್ತು ದಾಟಿದ ಹೆಂಗಸು ಅಮ್ಮ ಬೈದಾಳು ಎಂದು ಅಂಜುತ್ತಾಳೆ! ಅಜ್ಜಿಯನ್ನೇ ಕಾಣದೆ ಬೆಳೆದ ನಾನು ಆ ನೆರೆತ ತಲೆಯ ಮಗಳನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದೆ.

"ಅಲ್ಲಿ ಏನ್ ತಿಂತಾರವ್ವ?" ಅಮ್ಮ ನರ್ಸನ್ನು ಕೇಳಿದಳು.

"ಗಂಜಿ, ಮೀನು."

ಅಮ್ಮನ ವಿಭೂತಿಯ ಹಣೆ ಸುಕ್ಕುಗಟ್ಟಿತು. "ಮೀನು ಬುಡವ್ವ. ಇನ್ನೇನು?"

ನರ್ಸ್ ಯೋಚಿಸಿದಳು. "ನೀರು ಕಾಯಿಸಿ ಕುಡೀತಾರೆ. ಹುಷಾರಿಲ್ಲ ಅಂದ್ರೆ ಆಸ್ಪತ್ರೆಗೆ ಹೋಗ್ತಾರೆ. ಹೆರಿಗೆಗೂ ಅಲ್ಲಿಗೇ. ಅಷ್ಟೇ ಅಮ್ಮ."

"ಅಷ್ಟೇನಾ," ಎಂದಳು ಅಮ್ಮ.

ಮುಂದಿನ ತಿಂಗಳು ತಾನಾಗಿಯೇ ನನ್ನನ್ನು ಕರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೊರಟಳು. ಅವರು ಪರೀಕ್ಷೆ ಮಾಡಿ, ಈಗ ಒಂದು ಕಣ್ಣು, ಇನ್ನೊಂದು ಮುಂದಿನ ವರ್ಷ ಎಂದರು. ಮುಂದಿನ ವರ್ಷ ಎಂದದ್ದಕ್ಕೆ ಅಮ್ಮ ಎದ್ದು ಹೊರಟೇಬಿಡುತ್ತಾಳೆ ಎಂದು ಹೆದರಿ ನಾನು ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡು ಮುಂದಕ್ಕೆ ಬಾಗಿದಳು.

"ಯಾವ್ ತಿಂಗ್ಳು ಬರ್ಲಿ, ಡಾಕ್ಟ್ರೇ?"