ಹಡಗಿನ ಮೇಲೊಂದು ಊರು

ಗ್ರಂಥಸಂಪಾದನೆ ಎಂದೊಡನೆ ಪ್ರಾಚೀನ ಕಾವ್ಯಗಳನ್ನೂ ಗೆದ್ದಲು ಹಿಡಿದ ಹಸ್ತಪ್ರತಿಗಳನ್ನೂ ಮಾತ್ರ ನೆನೆಯುವ ವಿದ್ವತ್ ಲೋಕದಲ್ಲಿ, ರೈಲಿನಲ್ಲಿ ಓದಿ ಸೀಟಿನ ಮೇಲೇ ಬಿಟ್ಟುಹೋಗುವ ಜನಪ್ರಿಯ ಕಾದಂಬರಿಗಳಿಗೂ ಪಾಠಾಂತರಗಳಿರುತ್ತವೆ, ಅವುಗಳನ್ನೂ ತಾಳೆ ನೋಡುವ ಕಣ್ಣು ಬೇಕಾಗುತ್ತದೆ ಎಂದು ಪಟ್ಟು ಹಿಡಿದು ಸಾಧಿಸಿದವರಲ್ಲಿ, ಈ ಸಂಪುಟದ ಮೂಲಕ ನಾವು ಗೌರವಿಸುತ್ತಿರುವ ಪ್ರಾಧ್ಯಾಪಕಿಯವರು ಅಗ್ರಗಣ್ಯರು. ಅವರ ಕೈಕೆಳಗೆ ಕಲಿತು ಹೋದ ಎಲ್ಲ ವಿದ್ಯಾರ್ಥಿಗಳ ಬಾಯಲ್ಲಿ ಅವರು 'ಪೆನ್ಸಿಲ್ ಮೇಡಂ'. ಈ ಅಡ್ಡಹೆಸರು ಅವರ ಕಿವಿಗೆ ಬಿದ್ದಿಲ್ಲವೆಂದು ನಾವೂ, ಬಿದ್ದೇ ಇಲ್ಲವೆಂಬಂತೆ ಅವರೂ ಇಷ್ಟು ವರ್ಷ ನಟಿಸಿಕೊಂಡು ಬಂದದ್ದಾಯಿತು. ನಿವೃತ್ತಿಯ ಈ ಹೊತ್ತಿನಲ್ಲಿ ಅದೂ ಅಚ್ಚಿಗೆ ಬಂದುಬಿಡಲಿ.

ವಿಷಯದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಒಂದೇ ಕಾದಂಬರಿ ಬ್ರಿಟನ್ನಿನಲ್ಲಿ ಒಬ್ಬ ಪ್ರಕಾಶಕರಿಂದಲೂ ಅಮೆರಿಕದಲ್ಲಿ ಇನ್ನೊಬ್ಬರಿಂದಲೂ ಹೊರಬರುತ್ತದೆ. ಕಾಗುಣಿತ ಬೇರೆಯಾದರೆ ಹೋಗಲಿ ಎನ್ನಬಹುದು. ಆದರೆ ಒಂದು ದಡದ ಸಂಪಾದಕರಿಗೆ ರುಚಿಸಿದ ಹಾಸ್ಯ ಇನ್ನೊಂದು ದಡದವರಿಗೆ ರುಚಿಸುವುದಿಲ್ಲ. ಕತ್ತರಿ ಆಡುತ್ತದೆ, ತೇಪೆ ಬೀಳುತ್ತದೆ. ಕೆಲವೊಮ್ಮೆ ಲೇಖಕರೇ ಒಂದು ದಡಕ್ಕೆ ಪ್ರತಿ ಕಳಿಸಿದ ಮೇಲೆ ಮನಸ್ಸು ಬದಲಾಯಿಸಿ ಇನ್ನೊಂದಕ್ಕೆ ಬೇರೆಯೇ ಕೊನೆ ಬರೆದುಕೊಡುತ್ತಾರೆ. ಮೇಡಂ ಅವರ ಮೊದಲ ತರಗತಿ ಕೇಳಿದವರು ಆ ನಾಯಿಯನ್ನು ಮರೆಯಲಾರರು. ಬ್ರಿಟಿಷ್ ಆವೃತ್ತಿಯ ನಡುವಿನಲ್ಲೇ ಸತ್ತುಹೋಗುವ ಪತ್ತೇದಾರನ ನಾಯಿ ಅಮೆರಿಕನ್ ಆವೃತ್ತಿಯಲ್ಲಿ ಕೊನೆಯ ಪುಟದವರೆಗೂ ಬಾಲ ಅಲ್ಲಾಡಿಸಿಕೊಂಡಿರುತ್ತದೆ.

"ಹಾಗಾದ್ರೆ ನಾಯಿ ಬದುಕಿದೆಯೋ ಸತ್ತಿದೆಯೋ ಮೇಡಂ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ್ದ.

"ಅದು ನೀವು ಯಾವ ಪುಸ್ತಕ ಕೊಂಡಿದ್ದೀರಿ ಅನ್ನೋದರ ಮೇಲಿದೆ" ಎಂದರು ಮೇಡಂ, ಸ್ವಲ್ಪವೂ ನಗದೆ.

ಅವರ ಕೆಲಸದ ಕೋಣೆ ವಿಭಾಗದ ಮಹಡಿಯ ತುದಿಯಲ್ಲಿದೆ. ಪಶ್ಚಿಮಕ್ಕೊಂದು ಕಿಟಕಿ, ಮಸಿಯ ಕಲೆಗಳಾದ ಮೇಜು, ಎದುರುಬದುರಾಗಿ ಎರಡು ಕುರ್ಚಿ. ತಾಳೆ ನೋಡುವ ಪದ್ಧತಿಯನ್ನು ಅವರು ಯಾರಿಂದಲೂ ಎರವಲು ತಂದದ್ದಲ್ಲ, ತಾವೇ ಕಟ್ಟಿಕೊಂಡದ್ದು. ಒಬ್ಬರು ಅಮೆರಿಕನ್ ಆವೃತ್ತಿಯನ್ನು ಗಟ್ಟಿಯಾಗಿ ಓದಬೇಕು. ಎದುರಿನವರು ಬ್ರಿಟಿಷ್ ಆವೃತ್ತಿಯ ಸಾಲುಗಳ ಮೇಲೆ ಕಣ್ಣಿಟ್ಟು, ವ್ಯತ್ಯಾಸ ಬಂದಲ್ಲಿ ಪೆನ್ಸಿಲಿನಿಂದ ಮೇಜು ತಟ್ಟಬೇಕು. ದನಿಯಲ್ಲಿ ಭಾವ ಬರಕೂಡದು, ಏಕೆಂದರೆ ಭಾವ ಬಂದರೆ ಕಿವಿ ಕಥೆಗೆ ಸೋತು ಅಕ್ಷರವನ್ನು ಬಿಟ್ಟುಬಿಡುತ್ತದೆ. ಅಲ್ಪವಿರಾಮ, ಪೂರ್ಣವಿರಾಮ, ಉದ್ಧರಣ ಚಿಹ್ನೆಗಳನ್ನೂ ಬಾಯಿಬಿಟ್ಟು ಓದಬೇಕು. ಪುಸ್ತಕದಿಂದ ಕಣ್ಣೆತ್ತುವಂತಿಲ್ಲ. ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದು, ಆ ಮೇಜಿನ ಮೇಲೆ ಪುಸ್ತಕದ ಮಾತಲ್ಲದೆ ಬೇರೆ ಮಾತು ಬರಕೂಡದು. ಒಮ್ಮೆ ಹೀಗೆ ಮುಗಿದ ಮೇಲೆ ಎರಡನೇ ಸುತ್ತು. ಆಗ ಬ್ರಿಟಿಷ್ ಆವೃತ್ತಿ ಹಿಡಿದವರು ಓದುತ್ತಾರೆ, ಅಮೆರಿಕನ್ ಆವೃತ್ತಿ ಹಿಡಿದವರು ತಟ್ಟುತ್ತಾರೆ. ಎರಡು ಸುತ್ತಿನಲ್ಲೂ ತಟ್ಟು ಬಿದ್ದರೆ ಮಾತ್ರ ಅದು ಪಾಠಾಂತರ.

ಸೇವೆಯ ಮೊದಲ ವರ್ಷಗಳಲ್ಲಿ ಆ ಎದುರು ಕುರ್ಚಿಯಲ್ಲಿ ಕೂರುತ್ತಿದ್ದವರು ಅದೇ ವಿಭಾಗದ ಒಬ್ಬ ಅಧ್ಯಾಪಕರು. ಮೆಲುದನಿಯ ಮನುಷ್ಯ, ತರಗತಿಯಲ್ಲಿ ಮಾತಾಡಲು ತಡವರಿಸುತ್ತಿದ್ದವರು, ಓದಲು ಕೂತರೆ ನೀರು ಕುಡಿದಷ್ಟು ಸಲೀಸು. ನಾವು ಅವರನ್ನು 'ಎದುರು ಕುರ್ಚಿ ಮೇಷ್ಟ್ರು' ಎನ್ನುತ್ತಿದ್ದೆವು. ವರ್ಷಗಟ್ಟಲೆ ಇಬ್ಬರೂ ಹೀಗೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಒಬ್ಬರ ದನಿ ಒಬ್ಬರು ಕೇಳುತ್ತ ಬಂದರು. ಆಗ ಮೇಡಂ ಜೊತೆಗಿದ್ದ ಅವರ ತಾಯಿಗೆ ಈ ವ್ಯವಹಾರ ತಲೆಗೆ ಹತ್ತುತ್ತಿರಲಿಲ್ಲ.

"ಒಂದೇ ಕಥೆ ಓದೋಕೆ ಇಬ್ಬರು ಯಾಕೆ ಬೇಕೇ? ಆ ಮನುಷ್ಯ ಪುಸ್ತಕ ಓದೋಕೆ ಬರ್ತಾನೋ, ನಿನ್ನ ನೋಡೋಕೆ ಬರ್ತಾನೋ?" ಎಂದು ಆ ತಾಯಿ ಒಮ್ಮೆ ಕೇಳಿಯೇಬಿಟ್ಟರಂತೆ.

"ಓದುವಾಗ ಕಣ್ಣೆತ್ತೋ ಹಾಗಿಲ್ಲಮ್ಮ. ನಮ್ಮಲ್ಲಿ ಅದು ನಿಯಮ" ಎಂದರಂತೆ ಮಗಳು. ತಾಯಿ ಹಣೆ ಹಣೆ ಚಚ್ಚಿಕೊಂಡು ಒಳಗೆ ಹೋದರಂತೆ.

ಆ ಜೋಡಿ ಓದಿನ ಫಲವೇ ಮೇಡಂ ಅವರಿಗೆ ಹೆಸರು ತಂದ ಗ್ರಂಥ. ಎರಡು ದಡಗಳ ಹತ್ತಾರು ಕಾದಂಬರಿಗಳ ಪಾಠಾಂತರಗಳು ಅದರಲ್ಲಿ ಅಡಕವಾಗಿದ್ದರೂ, ಓದುಗರ ನಾಲಿಗೆಯ ಮೇಲೆ ನಿಂತದ್ದು ಒಂದೇ ವಾಕ್ಯ. ಅದು ಹಡಗಿನ ವೈದ್ಯನೊಬ್ಬನ ಕಥೆಯುಳ್ಳ ಒಂದು ದಪ್ಪ ಕಾದಂಬರಿಯದು. ಆ ಕಾದಂಬರಿ ಮೊದಲಿನಿಂದ ಕೊನೆಯವರೆಗೆ ಹಡಗಿನ ಮೇಲೇ ನಡೆಯುತ್ತದೆ. ಕೊನೆಗೆ ವೈದ್ಯ, ತಾನು ಬಯಸಿದ ಪ್ರಯಾಣಿಕಳಿಗೆ ಏನೂ ಹೇಳದೆ ಹಡಗಿನ ಕೆಳಮಹಡಿಗೆ ಮೆಟ್ಟಿಲಿಳಿದು ಹೋಗುತ್ತಾನೆ. ಬ್ರಿಟಿಷ್ ಆವೃತ್ತಿಯಲ್ಲಿ ಅಷ್ಟೇ. ಅಮೆರಿಕನ್ ಆವೃತ್ತಿಯಲ್ಲಿ ಇಳಿಯುವ ಮುನ್ನ ಅವನು ಒಂದು ಮಾತಾಡುತ್ತಾನೆ ಎಂದು ಗ್ರಂಥ ದಾಖಲಿಸಿತು. ಕನ್ನಡಕ್ಕೆ ತಂದರೆ ಅದು ಹೀಗೆ: "ನೀವು ಒಂದು ಮಾತು ಹೇಳಿದರೆ ಸಾಕು, ನಾನು ಈ ಊರು ಬಿಟ್ಟು ಹೋಗುವುದಿಲ್ಲ."

ನಡುಕಡಲಲ್ಲಿ ಊರು ಎಲ್ಲಿಂದ ಬಂತು? ಅದಕ್ಕೆ ಮೇಡಂ ಬರೆದ ಅಡಿಟಿಪ್ಪಣಿ ವಾಕ್ಯಕ್ಕಿಂತ ಹೆಚ್ಚು ಪ್ರಸಿದ್ಧವಾಯಿತು. ಲೇಖಕರು ಈ ವಿದಾಯವನ್ನು ಮೊದಲು ಬಂದರಿನ ಊರೊಂದರಲ್ಲಿ ನಡೆಸಿದ್ದಿರಬೇಕು, ಆಮೇಲೆ ಹಡಗಿಗೆ ಸಾಗಿಸಿದ್ದಿರಬೇಕು, ಕಳೆದುಹೋದ ಆ ಕರಡಿನ ತುಣುಕೊಂದು ಅಮೆರಿಕನ್ ಆವೃತ್ತಿಯಲ್ಲಿ ಉಳಿದುಬಿಟ್ಟಿದೆ ಎಂದು ಅವರು ವಾದಿಸಿದ್ದರು. ಒಪ್ಪಿ ಪ್ರಬಂಧ ಬರೆದವರುಂಟು, ಖಂಡಿಸಿ ಬರೆದವರುಂಟು. ನೋಡನೋಡುತ್ತಿದ್ದಂತೆ ಆ ಹಡಗಿನ ಮೇಲೊಂದು ಊರೇ ಎದ್ದುನಿಂತಿತು.

ಗ್ರಂಥ ಅಚ್ಚಿಗೆ ಹೋದ ತಿಂಗಳಲ್ಲೇ ಮೇಷ್ಟ್ರು ದೂರದ ಊರಿನ ಕಾಲೇಜಿಗೆ ಹೊರಟುನಿಂತರು. ಅಲ್ಲಿಂದ ಕರೆ ಬಂದು ಬಹಳ ದಿನವಾಗಿತ್ತು, ಉತ್ತರ ಕೊಡದೆ ಕಾಯಿಸಿದ್ದರು ಎಂಬುದು ಆಮೇಲೆ ತಿಳಿದ ಸಂಗತಿ. ಕೋಣೆಯ ಬೀಗದ ಕೈ ಒಪ್ಪಿಸಲು ಬಂದವರು, "ಇನ್ನು ನಾನು ಓದೋದು ಏನೂ ಉಳಿದಿಲ್ಲ ಅಲ್ವಾ ಮೇಡಂ?" ಎಂದರು.

"ಈ ಪುಸ್ತಕ ಮುಗೀತಲ್ಲ. ಹೋಗಿ ಬನ್ನಿ" ಎಂದರು ಮೇಡಂ.

ಎಲ್ಲರಿಗೂ ಹೇಳುವಂತೆ ಹೇಳಿದ ಮಾತು. ಮೇಷ್ಟ್ರು ಹೋದರು.

ಆ ಬಳಿಕ ಎದುರು ಕುರ್ಚಿಗೆ ಮೇಡಂ ಯಾರನ್ನೂ ಕೂರಿಸಲಿಲ್ಲ. ಅದರ ಮೇಲೆ ಪುಸ್ತಕ ಪೇರಿಸಿದರು. ಒಂದು ಟೇಪ್ ರೆಕಾರ್ಡರ್ ತಂದು, ಅಮೆರಿಕನ್ ಆವೃತ್ತಿಯನ್ನು ತಾವೇ ಓದಿ ತುಂಬಿಸಿ, ಆಮೇಲೆ ತಮ್ಮ ದನಿಗೆ ತಾವೇ ಪೆನ್ಸಿಲ್ ತಟ್ಟುತ್ತ ಕೂತರು. ಸಹಾಯಕರನ್ನು ಕೊಡುತ್ತೇವೆಂದು ವಿಭಾಗ ಎಷ್ಟೋ ಬಾರಿ ಹೇಳಿತು. "ಅವರಿಗೆ ಭಾವ ಬಿಟ್ಟು ಓದೋಕೆ ಬರಲ್ಲ" ಎಂದು ಮೇಡಂ ಎಲ್ಲರನ್ನೂ ತಿರುಗಿಸಿ ಕಳಿಸಿದರು. ಸಂಜೆ ಆ ಕೋಣೆಯ ಮುಂದೆ ಹಾದುಹೋದವರಿಗೆ ಒಳಗಿನಿಂದ ಒಬ್ಬರದೇ ದನಿ, ಒಬ್ಬರದೇ ತಟ್ಟು ಕೇಳುತ್ತಿತ್ತು.

ತಮ್ಮ ಎದುರು ಯಾರನ್ನೂ ಕೂರಿಸದವರು ನಮ್ಮನ್ನು ಮಾತ್ರ ಎದುರುಬದುರು ಕೂರಿಸುತ್ತಲೇ ಇದ್ದರು. ಮಾತು ಬಿಟ್ಟ ಇಬ್ಬರಿಗೆ ಒಂದೇ ಕಾದಂಬರಿಯ ಬೇರೆಬೇರೆ ಆವೃತ್ತಿ ಕೊಟ್ಟು, ತಾಳೆ ನೋಡಿಕೊಂಡು ಬನ್ನಿ ಎಂದು ಅಟ್ಟುತ್ತಿದ್ದರು. ಬಾಯಿ ಬಿಡದೆ ವಿಧಿಯಿರಲಿಲ್ಲ. ಈ ಲೇಖನ ಬರೆಯುತ್ತಿರುವವಳ ಗಂಡ ಅವಳಿಗೆ ಹಾಗೆ ಸಿಕ್ಕಿದವನೇ. ತಂದೆಯನ್ನು ಆಸ್ಪತ್ರೆಗೆ ಸೇರಿಸಿ ಹೊರಗೆ ಕಂಗಾಲಾಗಿ ಕೂತಿದ್ದ ವಿದ್ಯಾರ್ಥಿನಿಯ ಬಳಿಗೆ ಎರಡು ಪುಸ್ತಕ ಹಿಡಿದು ಬಂದು, ಸಮಾಧಾನದ ಒಂದು ಮಾತೂ ಆಡದೆ, "ಓದು, ನಾನು ತಟ್ತೀನಿ" ಎಂದು, ಡಾಕ್ಟರು ಬಾಗಿಲು ತೆರೆದು ಹೊರಬರುವವರೆಗೂ ಬೆಂಚಿನ ಮೇಲೆ ಕೂತಿದ್ದವರು ಅವರು.

ಈ ವರ್ಷ ಗ್ರಂಥದ ಎರಡನೇ ಮುದ್ರಣವನ್ನು ನಿವೃತ್ತಿಯ ದಿನ ಬಿಡುಗಡೆ ಮಾಡಬೇಕೆಂದು ಶಿಷ್ಯರು ಯೋಚಿಸಿದೆವು. ಮರುಪರಿಶೀಲನೆಗೆ ಕೂತ ಶಿಷ್ಯೆಗೆ ಅಮೆರಿಕನ್ ಆವೃತ್ತಿಯಲ್ಲಿ ಆ ವಾಕ್ಯವೇ ಸಿಗಲಿಲ್ಲ. ಮೇಡಂ ಕೆಂಡವಾದರು.

"ಇಲ್ಲ ಅಂದ್ರೆ ಏನರ್ಥ? ನಾನು ಕಿವಿಯಾರೆ ಕೇಳಿ ಬರ್ಕೊಂಡಿದ್ದೀನಿ. ನೀನು ಬೇರೆ ಮುದ್ರಣ ನೋಡಿರಬೇಕು."

ಬೇರೆ ಮುದ್ರಣಗಳನ್ನು ತರಿಸಿದೆವು. ಗಟ್ಟಿ ರಟ್ಟಿನದು, ಅಗ್ಗದ ಮುದ್ರಣ, ಓದುಗರ ಸಂಘದ ಪ್ರತಿ. ಎಲ್ಲದರಲ್ಲೂ ವೈದ್ಯ ತುಟಿಪಿಟಕ್ಕೆನ್ನದೆ ಮೆಟ್ಟಿಲಿಳಿಯುತ್ತಾನೆ. ಒಂದು ಸುಳ್ಳು ವಾಕ್ಯ ಗ್ರಂಥದಲ್ಲಿದ್ದರೆ ಮಿಕ್ಕ ಯಾವ ವಾಕ್ಯವನ್ನು ಯಾರು ನಂಬುತ್ತಾರೆ ಎಂಬ ಚಿಂತೆಯಲ್ಲಿ ಮೇಡಂ ಸೊರಗಿದರು. ಎರಡು ಸುತ್ತಿನ ಪದ್ಧತಿಯಲ್ಲಿ ಇಂಥ ತಪ್ಪು ನುಸುಳುವುದು ಹೇಗೆ? ಮೊದಲ ಸುತ್ತಿನಲ್ಲಿ ತಾವು ತಟ್ಟಿದ್ದರು. ಎರಡನೇ ಸುತ್ತಿನಲ್ಲಿ ಮೇಷ್ಟ್ರೂ ತಟ್ಟಿದ್ದರು.

ಕೊನೆಗೊಂದು ಮಧ್ಯಾಹ್ನ, ನಮ್ಮೆದುರಿಗೇ ಅವರು ಮೇಷ್ಟ್ರು ಓದುತ್ತಿದ್ದ ಹಳೆಯ ಪ್ರತಿ ತೆಗೆದುಕೊಂಡು, ಎದುರು ಕುರ್ಚಿಯ ಪುಸ್ತಕಗಳನ್ನು ಕೆಳಗಿಳಿಸಿ, ಮೊದಲ ಸಲ ಅದರಲ್ಲಿ ತಾವು ಕೂತರು. ಆ ಪ್ಯಾರಾ ಓದತೊಡಗಿದರು. ವೈದ್ಯ ಮೆಟ್ಟಿಲ ಬಳಿ ನಿಂತ, ಪೂರ್ಣವಿರಾಮ. ಪುಟದಲ್ಲಿ ಅಲ್ಲಿ ಅವನ ಮಾತೇನೂ ಇರಲಿಲ್ಲ. ಆದರೂ ಅವರ ಬಾಯಿ, ಮೇಷ್ಟ್ರ ಅದೇ ಏರಿಳಿತವಿಲ್ಲದ ಧಾಟಿಯಲ್ಲಿ, ನೆನಪಿನಿಂದ ಮುಂದುವರಿಯಿತು: "ಉದ್ಧರಣ ಚಿಹ್ನೆ, ನೀವು ಒಂದು ಮಾತು ಹೇಳಿದರೆ ಸಾಕು, ಅಲ್ಪವಿರಾಮ, ನಾನು ಈ ಊರು..."

ಅಲ್ಲಿಗೆ ನಿಂತಿತು. ಆ ಕುರ್ಚಿಯಿಂದ ಕಣ್ಣೆತ್ತಿದರೆ ನೇರವಾಗಿ ಕಾಣುವುದು ಮೇಡಂ ಕೂರುವ ಜಾಗ. ಅವರು ಕಣ್ಣೆತ್ತಿ ತಮ್ಮ ಖಾಲಿ ಕುರ್ಚಿಯನ್ನು ನೋಡಿದರು.

"ಈ ಊರು" ಎಂದರು ಆಮೇಲೆ. "ಹಡಗಿನ ಮೇಲೆ ಊರು ಎಲ್ಲಿಂದ ಬರುತ್ತೆ? ಎಂಥ ದಡ್ಡಿ ನಾನು."

ಮೇಷ್ಟ್ರು ಮದುವೆಯಾಗದೆ, ತಮ್ಮನ ಮನೆಯಲ್ಲಿದ್ದಾರೆಂದು ಗೊತ್ತಿತ್ತು. ಮೇಡಂ ಫೋನ್ ಮಾಡಿದಾಗ ಎತ್ತಿದ್ದು ಆ ತಮ್ಮನ ಸೊಸೆ. "ದೊಡ್ಡಮಾವಾ, ಯಾರೋ ಪೆನ್ಸಿಲ್ ಮೇಡಂ ಅಂತೆ!" ಎಂದು ಅವಳು ಕೂಗಿದ್ದು ನಮಗೂ ಕೇಳಿಸಿತು. ಹೌದು, ಮೇಡಂ ಆ ಹೆಸರೇ ಹೇಳಿದ್ದರು.

"ಆ ವಾಕ್ಯ ಬ್ರಿಟಿಷ್ ಆವೃತ್ತಿಯಲ್ಲಿ ಇಲ್ಲ" ಎಂದು ಮೇಡಂ ನೇರವಾಗಿ ಶುರುಮಾಡಿದರು. ಆ ಕಡೆಯ ಮಾತುಗಳು ಮೇಡಂ ಆಮೇಲೆ ನಮಗೆ ಹೇಳಿದವು. ಯಾವ ವಾಕ್ಯ ಎಂದು ಮೇಷ್ಟ್ರು ಕೇಳಲೇ ಇಲ್ಲ.

"ಇಲ್ಲ."

"ಅಮೆರಿಕನ್ ಆವೃತ್ತಿಯಲ್ಲೂ ಇಲ್ಲ."

"ಇಲ್ಲ."

"ಮತ್ತೆ ಬಾಯಿಬಿಟ್ಟು ಕೇಳೋಕೆ ಏನಾಗಿತ್ತು?"

"ಆ ಮೇಜಿನ ಮೇಲೆ ಪುಸ್ತಕದ ಮಾತು ಬಿಟ್ಟು ಬೇರೆ ಆಡೋ ಹಾಗಿರಲಿಲ್ಲವಲ್ಲ ಮೇಡಂ. ಓದಿದೆ. ನೀವು ತಟ್ಟಿದ್ರಿ, ಬರ್ಕೊಂಡ್ರಿ, 'ಮುಂದೆ ಓದಿ' ಅಂದ್ರಿ. ಮುಂದೆ ಓದಿದೆ. ಎರಡನೇ ಸುತ್ತಿನಲ್ಲಿ ಇನ್ನೊಂದ್ಸಲ ನೋಡೋಣ ಅಂತ ನಾನೇ ತಟ್ಟಿದೆ. ಆಗಲೂ 'ಸರಿ, ಮುಂದೆ' ಅಂದ್ರಿ."

ಮೇಡಂ ಕಣ್ಣು ತುಂಬಿ ಬಂದಿತ್ತು. ದನಿ ಮಾತ್ರ ಹದ ತಪ್ಪಲಿಲ್ಲ. "ಈಗ ಹಿಂದಕ್ಕೆ ಹೋಗೋಣ. ಅಲ್ಲಿಂದ ಇನ್ನೊಂದ್ಸಲ ಓದಿ."

"ಕಣ್ಣು ಹೋಗಿದೆ ಮೇಡಂ. ಅಕ್ಷರ ಕಾಣಲ್ಲ."

"ಪುಸ್ತಕದಲ್ಲಿ ಇಲ್ಲದ್ದನ್ನ ಓದೋಕೆ ಕಣ್ಣು ಯಾಕೆ?"

ಅವರು ಓದಿದರು. ಚಿಹ್ನೆಗಳ ಸಮೇತ ಓದಿದರೆಂದು ಮೇಡಂ ಆಮೇಲೆ ಹೇಳಿದರು. ನಾವು ಕಂಡದ್ದು ಇಷ್ಟು: ಕೈಯಲ್ಲಿ ಪೆನ್ಸಿಲ್ ಇತ್ತು, ಅವರು ತಟ್ಟಲಿಲ್ಲ. ಕೇಳಿ ಮುಗಿಸಿ ಹೇಳಿದರು: "ಹೋಗಿ ಬನ್ನಿ ಅಂದಿದ್ದೆ ನಾನು. ನೀವು ಹೋಗೋದು ಮಾತ್ರ ಮಾಡಿದ್ರಿ."

ಈ ಪ್ರಸಂಗವನ್ನು ಅಭಿನಂದನ ಸಂಪುಟದಲ್ಲಿ ಬರೆಯಬಹುದೇ ಎಂದು ನಾವು ಅಳುಕುತ್ತಲೇ ಕೇಳಿದೆವು. "ಬರೀಲೇಬೇಕು. ತಪ್ಪು ಅಚ್ಚಾಗಿದ್ರೆ ತಿದ್ದುಪಡಿಯೂ ಅಚ್ಚಾಗಬೇಕು. ಅವರನ್ನೂ ಕೇಳಿದ್ದೀನಿ" ಎಂದರು. ಆದ್ದರಿಂದ ಓದುಗರು ಈ ಲೇಖನವನ್ನು ತಿದ್ದುಪಡಿಯೆಂದೇ ತಿಳಿಯಬೇಕು. ಹೊಸ ಮುದ್ರಣದಲ್ಲಿ ಆ ವಾಕ್ಯವಿಲ್ಲ, ಅಡಿಟಿಪ್ಪಣಿಯೂ ಇಲ್ಲ. ವೈದ್ಯ ಎರಡು ದಡಗಳಲ್ಲೂ ಸುಮ್ಮನೆ ಮೆಟ್ಟಿಲಿಳಿದು ಹೋಗುತ್ತಾನೆ.

ಪೂಜ್ಯ ಮೇಡಂ ಅವರಿಗೆ ಆಯುಸ್ಸು ಆರೋಗ್ಯಗಳು ಕೂಡಿಬರಲಿ, ತಾಳೆ ನೋಡದ ಕಾದಂಬರಿಗಳು ಇನ್ನೂ ಬೇಕಾದಷ್ಟಿವೆ, ಅವರ ಕೆಲಸಕ್ಕೆ ನಿವೃತ್ತಿ ಬಾರದಿರಲಿ ಎಂದು ಶಿಷ್ಯರೆಲ್ಲರ ಪರವಾಗಿ ಹಾರೈಸುತ್ತೇವೆ. ಮೇಷ್ಟ್ರು ಸಮಾರಂಭಕ್ಕೆ ಬರುತ್ತಾರೋ ಇಲ್ಲವೋ ತಿಳಿಯದು. ಕಣ್ಣು ಕಾಣದು, ಊರು ದೂರ, ಅವರು ಬರುತ್ತೇನೆಂದೂ ಹೇಳಿಲ್ಲ, ಬರುವುದಿಲ್ಲವೆಂದೂ ಹೇಳಿಲ್ಲ. ಮೇಡಂ ಮಾತ್ರ ಕೆಳಗಿಳಿಸಿದ ಪುಸ್ತಕಗಳನ್ನು ಎದುರು ಕುರ್ಚಿಯ ಮೇಲೆ ಮತ್ತೆ ಇಟ್ಟಿಲ್ಲ. ದಿನಾ ಬೆಳಿಗ್ಗೆ ಅದನ್ನು ಒರೆಸಿ, ತಮ್ಮ ಜಾಗದಲ್ಲಿ ಕೂತು, ಬಾಗಿಲಲ್ಲಿ ಹೆಜ್ಜೆ ಸಪ್ಪಳವಾದರೆ ಪುಸ್ತಕದಿಂದ ಕಣ್ಣೆತ್ತಿ ನೋಡುತ್ತಾರೆ.