ಕೊಳವೆಯ ಬಾಗಿನಲ್ಲಿ ಕೂತಿದ್ದ ಲೋಳೆ

ಬೂದಿಕೋಟೆ ಹತ್ತಿರದ ನಮ್ಮ ಮನೆಯಲ್ಲಿರುವುದು ಒಂದೇ ಹಸು. ಅದರ ಯಜಮಾನಿಕೆ ಪೂರ್ತಿ ನಮ್ಮ ಅತ್ತೆಯದು. ನಾನು ಕೆಜಿಎಫ್‌ನ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಕೊಟ್ಟಿಗೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಅವರ ಕೈನೋವಿಗೆಂದು ಹಾಲು ಕರೆಯುವ ಸಣ್ಣ ಯಂತ್ರ ತಂದೆವು. ಅದನ್ನು ತೊಳೆಯುವುದಕ್ಕೂ ನನ್ನನ್ನು ಬಿಡಲಿಲ್ಲ.

ಈ ಬೇಸಿಗೆಯಲ್ಲಿ ಡೈರಿಯಿಂದ ನಮ್ಮ ಹಾಲು ವಾಪಸ್ ಬರತೊಡಗಿತು. ಪರೀಕ್ಷೆಗೆಂದು ಕಾಯಿಸಿದರೆ ಒಡೆಯುತ್ತಿತ್ತು. ಡಾಕ್ಟರು ಬಂದು ಕೆಚ್ಚಲು ನೋಡಿ ಏನೂ ಕಾಯಿಲೆಯಿಲ್ಲ ಎಂದರು. ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಎಲ್ಲರೂ ಕೆಮ್ಮಿ ಹೊರಗೋಡಿದೆವು. ಘಾಟು ಬಂತೆಂದರೆ ದೃಷ್ಟಿಯಿಲ್ಲವೆಂದೇ ಲೆಕ್ಕ.

"ದಿಷ್ಟೀನೂ ಅಲ್ಲ, ಕಾಯ್ಲೇನೂ ಅಲ್ಲ ಅಂದ್ರೆ ಇದ್ರ ಹಾಲೇ ಕೆಟ್ಟೋಗೈತೆ ಕಣಮ್ಮ. ಸಂತೇಗೆ ಕೊಟ್ಬುಡಾನ," ಎಂದರು. ಹಾಗೆನ್ನುವಾಗ ಹಸುವಿನ ಕಡೆ ನೋಡಲಿಲ್ಲ. ಕರುವಾಗಿದ್ದಾಗ ಕೈಯಾರೆ ಹಾಲು ಕುಡಿಸಿ ಸಾಕಿದ್ದು. ನನಗೂ ಸಂಕಟವಾಯಿತು.

ಭಾನುವಾರ ಅವರು ಯಂತ್ರ ತೊಳೆಯುವುದನ್ನು ಕೂತು ನೋಡಿದೆ. ಚೊಂಬಿನಿಂದ ರಬ್ಬರ್ ಕೊಳವೆಯೊಳಕ್ಕೆ ಎಳೆ ಎಳೆಯಾಗಿ ನೀರು ಬಿಡುತ್ತಿದ್ದರು, ಕೆಳಗೆ ಬಕೆಟ್ ಇಟ್ಟು. ಹಾಲು ಬೆರೆತ ಆ ನೀರು ಹಸುವಿನ ಕಲಗಚ್ಚಿಗೆ. ಒಂದು ಹನಿ ಮಣ್ಣಿಗೆ ಬಿದ್ದರೂ ಪಾಪ.

ಕೊಳವೆ ಜೋತುಬಿದ್ದು ಬಾಗಿದ ಕಡೆ ಜೋಡಣೆ ಬಿಚ್ಚಿ ಬೆರಳು ಹಾಕಿದೆ. ಜಾರಿತು. ಹಾಲಿನ ಜಿಡ್ಡು ಹಿಡಿದ ಜಾಗಕ್ಕೆ ಬ್ಯಾಕ್ಟೀರಿಯಾ ಬಂದು ಅಂಟಿ, ತಮ್ಮ ಸುತ್ತ ಲೋಳೆ ಕಟ್ಟಿಕೊಂಡು ಸಂಸಾರ ಹೂಡಿದ್ದವು. ರಭಸದ ನೀರಾದರೆ ಅಂಟುವ ಮೊದಲೇ ಅವನ್ನು ಕೊಚ್ಚಿಕೊಂಡೊಯ್ಯುತ್ತಿತ್ತು. ನಮ್ಮತ್ತೆಯ ನೀರೋ, ನೆಂಟರನ್ನು ಎಬ್ಬಿಸಬಾರದೆಂದು ಹೆಜ್ಜೆಯಿಡುವ ಹಾಗೆ ಮೆಲ್ಲಗೆ ದಾಟಿಹೋಗುತ್ತಿತ್ತು. ದಿನದಿನವೂ ಹೊಸ ಹಾಲು ಅಲ್ಲೇ ಕೆಡುತ್ತಿತ್ತು.

ಅದರಲ್ಲೇ ನಮ್ಮ ಪುಣ್ಯವೂ ಇತ್ತು. ಜೋರು ನೀರಿನಲ್ಲಿ ಬೆಳೆದ ಲೋಳೆ ತೆಳ್ಳಗೆ, ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮೆಲ್ಲನೆಯ ನೀರಿನಲ್ಲಿ ಬೆಳೆದದ್ದು ದಪ್ಪ, ಆದರೆ ಸಡಿಲ. ಕೊಳವೆಯನ್ನು ಮೋಟಾರಿನ ನಲ್ಲಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆ.

"ಅಯ್ಯೋ, ನೀರೆಲ್ಲಾ ಓಯ್ತಲ್ಲಮ್ಮ!" ಎಂದು ಅತ್ತೆ ಕೂಗಿದರು. ಅಷ್ಟರಲ್ಲಿ ಲೋಳೆ ಚೂರು ಚೂರಾಗಿ ಕಿತ್ತುಬಂದು ಅವರ ಪಾದದ ಮೇಲೆಯೇ ಬಿತ್ತು. ಬಗ್ಗಿ ನೋಡಿ, ಮೂಸಿ, ಮುಖ ಕಿವುಚಿದರು. "ಥೂ! ಇದಾ ಕೂತಿದ್ದು ಒಳ್ಗೆ?" ಉಳಿದದ್ದನ್ನು ಸೋಡಾಪುಡಿಯ ಬಿಸಿನೀರು ಹಾಕಿ, ಬ್ರಷ್ಷಿನಲ್ಲಿ ಅವರೇ ಉಜ್ಜಿದರು.

ಮರುದಿನ ಬಸ್ಸು ತಪ್ಪಿದರೆ ತಪ್ಪಲಿ ಎಂದು ಡೈರಿಗೆ ನಾನೂ ಹೋದೆ. ಹಾಲು ಕಾದಿತು, ಉಕ್ಕಿತು, ಒಡೆಯಲಿಲ್ಲ. ಅಳೆಯುವವನು ಕ್ಯಾನಿಗೆ ಸುರಿದುಕೊಂಡ. ಅತ್ತೆ ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಧೂಳೆಂದು ಸುಳ್ಳು ಹೇಳಿಕೊಂಡು.

ಮನೆ ಮುಂದೆ, ಅತ್ತೆ ಮೊದಲೇ ಹೇಳಿಕಳಿಸಿದ್ದ ದನದ ದಲ್ಲಾಳಿ ಹೊಸ ಹಗ್ಗ ಹಿಡಿದು ಕೂತಿದ್ದ.

"ಬಂದಿದ್ದೀಯ, ಕಾಪಿ ಕುಡ್ಕೊಂಡೋಗಪ್ಪ," ಎಂದರು ಅತ್ತೆ. "ನಮ್ಮ ಹಸೂನ ಹಾಲಿಂದೇ."