ಪಾದ ನೋಡಿ ಮಾತಾಡುವ ಕೊಟ್ರಪ್ಪ

ಕೊಟ್ರಪ್ಪ ಯಾರ ಜೊತೆ ಮಾತಾಡಿದರೂ ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದ. ಹೊಸಬರು ನಾಚಿಕೆಯ ಮನುಷ್ಯ ಅಂತ ತಿಳಿಯುತ್ತಿದ್ದರು. ಊರಿನವರಿಗೆ ಗೊತ್ತಿತ್ತು. ಅವನು ನಮ್ಮೂರಿನ ಕುಣಿ ತೋಡುವವನು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕುಣಿಯೊಳಗೆ ಕುಂದರಿಸಿ ಮಣ್ಣು ಮಾಡುತ್ತೇವೆ. ಆ ಕುಣಿಯ ಅಳತೆ ಸತ್ತವರದೇ ಪಾದ. ಕೊಟ್ರಪ್ಪ ಒಂದು ಬೇವಿನ ಕಡ್ಡಿಯನ್ನು ಹೆಣದ ಅಂಗಾಲಿಗೆ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಸರಿಯಾಗಿ ಮುರಿದು, ಆ ಕಡ್ಡಿಯಿಂದ ಒಂಬತ್ತು ಸಲ ನೆಲ ಅಳೆದು ಗುದ್ದಲಿ ಹಾಕುತ್ತಿದ್ದ. ಹಂಗಾಗಿ ಬದುಕಿದವರ ಪಾದ ಕಂಡರೂ ಅವನ ಕಣ್ಣು ಅಲ್ಲೇ ನಿಂತುಬಿಡುತ್ತಿತ್ತು.

ಅವನು ಕಟ್ಟೆ ಹತ್ತಿರ ಬಂದನೆಂದರೆ ಗಂಡಸರು ಕಾಲು ಮಡಚಿ ತೊಡೆಯ ಕೆಳಗೆ ಸೇರಿಸುತ್ತಿದ್ದರು. ನಾವು ಹೆಂಗಸರು ಸೀರೆಯ ಅಂಚನ್ನು ಬೆರಳ ಮೇಲೆ ಎಳೆದುಕೊಳ್ಳುತ್ತಿದ್ದೆವು. ನನ್ನ ಗಂಡ ಒಬ್ಬನೇ ಕಾಲು ಚಾಚಿ ಅವನ ಮುಂದೆ ಅಲ್ಲಾಡಿಸುತ್ತಿದ್ದ.

"ಲೇ ಕೊಟ್ರ್ಯಾ, ಅಳತಿ ತಗೊಂಡ್ಯೇನು? ಆಮ್ಯಾಲೆ ಕುಣಿ ಸಣ್ಣದಾತಂತ ನನ್ನ ಮಣಕಾಲು ಮುರೀಬ್ಯಾಡ ಮತ್ತ."

"ಕಾಲಿನ ಚಿಂತಿ ಇಲ್ಲಪ. ನಿನ್ನ ಬಾಯಿಗೆ ಬ್ಯಾರೆ ಕುಣಿ ತೋಡಬೇಕು, ಅದ ಚಿಂತಿ," ಅನ್ನುತ್ತಿದ್ದ ಕೊಟ್ರಪ್ಪ, ನಗದೆ.

ಹೋದ ವಾರ ನನಗೆ ಮೊಮ್ಮಗಳು ಹುಟ್ಟಿದಳು. ಸಂತೋಷ ಹೊಟ್ಟೆಯೊಳಗೆ ನಿಲ್ಲವಲ್ಲದು. ಕೂಸನ್ನು ನೋಡಲು ಬಂದವರಿಗೆಲ್ಲ ಕೂಸಿನ ಸುದ್ದಿ ಶುರು ಮಾಡಿ ಕೊಟ್ರಪ್ಪನ ಸುದ್ದಿಗೆ ಬಂದು ನಿಲ್ಲುತ್ತೇನೆ. "ಬಾಣಂತಿ ಮನಿಯಾಗ ಕುಣಿ ಸುದ್ದಿ ಯಾಕ್ರಿ ಅತ್ತಿ?" ಅಂತ ಸೊಸೆ ಬೈಯುತ್ತಾಳೆ. ಅವಳು ಹೇಳುವುದೂ ಖರೆ. ಅದಕ್ಕೇ ಬಾಯಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ. ನನ್ನ ಶಾಲೆ ಮೂರನೆಯ ಇಯತ್ತೆಗೇ ಮುಗಿಯಿತು, ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಆ ಮನುಷ್ಯ ಇಲ್ಲದಿದ್ದರೆ ನನ್ನ ಮಗ ಬಸವರಾಜ ಇಂದು ತೊಟ್ಟಿಲ ಹಗ್ಗ ಹಿಡಿದು ಕೂಡುತ್ತಿರಲಿಲ್ಲ.

ನಮ್ಮೂರು ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಿಂದ ಒಳಗೆ. ಊರ ಹೊರಗೆ ಬಿಳಿಕಲ್ಲು ಪುಡಿ ಮಾಡುವ ಮಿಲ್ಲಿತ್ತು. ಲಾರಿಯಲ್ಲಿ ಕಲ್ಲು ಬರುತ್ತಿತ್ತು, ಗೋದಿಹಿಟ್ಟಿಗಿಂತ ನುಣ್ಣಗಾಗಿ ಚೀಲದಲ್ಲಿ ಹೋಗುತ್ತಿತ್ತು. ಗಾಜು ಮಾಡಲಿಕ್ಕಂತೆ. ನನ್ನ ಗಂಡ ಅಲ್ಲಿ ಜರಡಿ ಕೆಲಸಕ್ಕಿದ್ದ, ಆಮೇಲೆ ಬಸವರಾಜನೂ ಸೇರಿದ. ಕೊಟ್ರಪ್ಪ ಚೀಲ ತುಂಬುತ್ತಿದ್ದ. ಸತ್ತ ಸುದ್ದಿ ಬಂದ ದಿನ ಮಾತ್ರ ರಜೆ ಹಾಕಿ ಗುದ್ದಲಿ ಹಿಡಿಯುತ್ತಿದ್ದ.

ಸಂಜೆ ಶಿಫ್ಟು ಬಿಟ್ಟಾಗ ಅವರೆಲ್ಲ ಸಾಲಾಗಿ ಬರುವುದನ್ನು ನೀವು ನೋಡಬೇಕಿತ್ತು. ತಲೆಯಿಂದ ಕಾಲಿನ ತನಕ ಬಿಳುಪು. ಹುಬ್ಬು ಬಿಳಿ, ರೆಪ್ಪೆ ಬಿಳಿ. ಮಾತಾಡಿದರೆ ಬಾಯೊಳಗಿನ ಕೆಂಪು ಒಂದೇ ಕಾಣುತ್ತಿತ್ತು. ನಾಯಿಗಳು ಬೊಗಳುತ್ತಿರಲಿಲ್ಲ, ಹಿಂದಹಿಂದಕ್ಕೆ ಸರಿದು ಗೋಡೆಗೆ ಒತ್ತಿಕೊಳ್ಳುತ್ತಿದ್ದವು. ಯಾರು ಯಾರು ಅಂತ ಗುರುತು ಹತ್ತುತ್ತಿರಲಿಲ್ಲ. ಒಂದು ಸಂಜೆ ನಾನು ಯಾರದೋ ಗಂಡನಿಗೆ ಚೆಂಬು ಕೊಟ್ಟು, "ಕಾಲು ತೊಳಕೊಂಡು ಒಳಗ ಬರ್ರಿ, ರೊಟ್ಟಿ ಆರ್ತಾವ," ಅಂದಿದ್ದೇನೆ. ಅವನೂ ಸುಸ್ತಾಗಿ ಒಳಗೆ ಬಂದು ಕೂತಿದ್ದ.

ಅವರು ಹೋದ ಮೇಲೆ ದಾರಿಯಲ್ಲಿ ಬಿಳಿ ಹೆಜ್ಜೆಗಳು ಉಳಿಯುತ್ತಿದ್ದವು. ಮಿಲ್ಲಿನ ಗೇಟಿನಿಂದ ಒಂದಾಗಿ ಬಂದು, ಓಣಿ ಓಣಿಗೆ ಒಡೆದು, ಒಂದೊಂದು ಮನೆಯ ಹೊಸ್ತಿಲು ದಾಟಿ ಒಳಗೆ ಹೋಗುತ್ತಿದ್ದವು. ಕೊಟ್ರಪ್ಪ ಎಲ್ಲರಿಗಿಂತ ಹಿಂದೆ ಉಳಿದು, ಅವನ್ನು ನೋಡುತ್ತಾ ನಿಧಾನಕ್ಕೆ ಬರುತ್ತಿದ್ದ. ಒಂದು ಸಂಜೆ ನಮ್ಮ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಗೇಣು ಹಾಕುತ್ತಿದ್ದ.

"ಯಕ್ಕಾ, ಯುಗಾದಿ ಟೈಮಿನಾಗ ನಿನ್ನ ಗಂಡಂದು ಹೆಜ್ಜಿಯಿಂದ ಹೆಜ್ಜಿಗೆ ಮೂರೂವರಿ ಗೇಣಿತ್ತು. ಈಗ ಎರಡೂವರಿ ತುಂಬವಲ್ದು."

"ದುಡದು ಸೋತಿರ್ತಾರ ಬಿಡು."

"ಸೋತ ಮನಷ್ಯಾ ಹೆಜ್ಜಿ ಎಳೀತಾನ. ಈತ ಸಣ್ಣ ಮಾಡ್ಯಾನ. ದಮ್ಮು ಸಾಲದಾಗ ಹಿಂಗ ಇಡ್ತಾರ. ಮಿಲ್ಲಿಗೆ ಕಳಸಬ್ಯಾಡ."

ನನಗೆ ಮೈ ಉರಿಯಿತು. "ಹೆಣ ನೋಡೋ ಕಣ್ಣು ನನ್ನ ಹೊಸ್ತಿಲ ಮ್ಯಾಲೆ ಹಾಕಬ್ಯಾಡ," ಅಂದು ಕಸಬರಿಗೆ ತಂದು ಅವನ ಎದುರಿಗೇ ಆ ಹೆಜ್ಜೆಗಳನ್ನು ಗುಡಿಸಿ ಚೆಲ್ಲಿದೆ. ಅವನು ಎದ್ದು ಹೋದ. ಮರುದಿನ ಸಂಜೆ ಹೆಜ್ಜೆಗಳು ಮತ್ತೆ ಬಂದವು. ಗುಡಿಸುವಾಗ ನನ್ನ ಕೈಯೂ ತಾನಾಗಿ ಗೇಣು ಹಾಕಿತು.

ನನ್ನ ಗಂಡನಿಗೆ ಕೆಮ್ಮು ಹತ್ತಿತು. ಟಿಬಿ ಅಂದರು, ಕಾರ್ಡು ಮಾಡಿಕೊಟ್ಟರು, ಗುಳಿಗೆ ನುಂಗಿಸಿದೆವು. ಮೂರು ಸಲ ಕೋರ್ಸು ಮುಗಿದರೂ ಎದೆ ಬಿಡಲಿಲ್ಲ. ಕೊನೆಗೆ ನಗಲಿಕ್ಕೂ ಉಸಿರಿಲ್ಲದೆ ಕಣ್ಣಲ್ಲೇ ನಗುತ್ತಿದ್ದ. ಅವನ ಅಂಗಾಲಿಗೆ ಕಡ್ಡಿ ಹಿಡಿದಾಗ ಕೊಟ್ರಪ್ಪನ ಕೈಯಲ್ಲಿ ಎರಡು ಕಡ್ಡಿ ತಪ್ಪು ಮುರಿದವು. ಅದಾದ ಮೇಲೆ ಊರಿನಲ್ಲಿ ಸಾವಿನ ಸಾಲು ಹತ್ತಿತು. ಎಲ್ಲರೂ ಮಿಲ್ಲಿನವರು, ಎಲ್ಲರ ಮನೆಯಲ್ಲೂ ಟಿಬಿ ಕಾರ್ಡು.

ಬಸವರಾಜನ ಹೆಜ್ಜೆ ಸಣ್ಣದಾದಾಗ ಕೊಟ್ರಪ್ಪ ನನ್ನನ್ನು ಕೇಳಲಿಕ್ಕೆ ಬರಲಿಲ್ಲ. ನಡೆಯುತ್ತಿರುವ ಮಿಲ್ಲಿನೊಳಗಿಂದ ಅವನ ರಟ್ಟೆ ಹಿಡಿದು ಎಳಕೊಂಡು ಬಂದ. ಮಾಲಕ ಅಡ್ಡ ಬಂದು ಏನೋ ಕೂಗಿದನಂತೆ. "ಇವನ ಕಡ್ಡಿ ನಾ ಮುರಿಯಂಗಿಲ್ರಿ," ಅಂದನಂತೆ ಕೊಟ್ರಪ್ಪ. ಇಬ್ಬರ ಕೆಲಸವೂ ಅವತ್ತೇ ಹೋಯಿತು.

ಹಡಗಲಿ ಕಡೆಯ ಒಬ್ಬ ವಕೀಲಮ್ಮ ಬಂದು ಮನೆ ಮನೆ ಸುತ್ತಿ ಕೇಸು ಹಾಕಿಸಿದಳು. ಕೊಟ್ರಪ್ಪ ಸೇರಿ ರೋಗ ಹತ್ತಿಯೂ ಬದುಕಿದ್ದ ಹದಿನೈದು ಮಂದಿ, ಮತ್ತೆ ಸತ್ತವರ ಮನೆಯವರು ಸಹಿ ಹಾಕಿದೆವು, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ವಕೀಲಮ್ಮ ತಿಳಿಯುವ ಹಾಗೆ ಹೇಳಿದಳು. ಇದು ಕಲ್ಲಿನ ಧೂಳಿನ ರೋಗ ಅಂತ ಆದರೆ ಮಿಲ್ಲಿನವರು ಜೀವ ಇರುವ ತನಕ ಔಷಧಿ, ಪರಿಹಾರ ಎಲ್ಲ ನೋಡಬೇಕು. ಟಿಬಿ ಅಂತ ಆದರೆ ಮಿಲ್ಲಿಗೂ ನಮಗೂ ಸಂಬಂಧ ಇಲ್ಲ. ಮಿಲ್ಲಿನ ವಕೀಲ ನಮ್ಮ ಕಾರ್ಡುಗಳನ್ನೇ ಕೇಸು ಕೇಳುವ ಸಾಹೇಬರ ಮುಂದೆ ಇಸ್ಪೀಟಿನ ಎಲೆಯಂಗೆ ಹರವಿದ.

ಆ ದಿನಗಳಲ್ಲೇ ಕೊಟ್ರಪ್ಪ ಒಂದು ಮಧ್ಯಾಹ್ನ ನಮ್ಮ ಅಂಗಳಕ್ಕೆ ಬಂದು ನಿಂತ. ಟವೆಲ್ಲಿನ ತುದಿಯಲ್ಲಿ ಏನೋ ಗಂಟು ಕಟ್ಟಿಕೊಂಡಿದ್ದ. ಒಬ್ಬ ಮುದುಕಿಗೆ ಅವಳ ಗಂಡನ ಪಕ್ಕದಲ್ಲೇ ಕುಣಿ ತೋಡುತ್ತಿರುವಾಗ ನಡುವಿನ ಮಣ್ಣು ಕುಸಿದು ಹಳೇ ಕುಣಿ ಬಾಯಿ ಬಿಟ್ಟಿತಂತೆ. ಅವಳ ಗಂಡ ಮಿಲ್ಲಿನವನು, ಸತ್ತು ಆರು ವರ್ಷವಾಗಿತ್ತು.

"ಎಲ್ಲಾ ಮಣ್ಣಾಗೇತಿ ಯಕ್ಕಾ. ಎದಿ ಇದ್ದ ಜಾಗದಾಗ ಮಾತ್ರ ಬೆಳ್ಳಗೈತಿ. ಬೆರಳು ಹಾಕಿದ್ರ ಪುಡಿ ಪುಡಿ. ಮನಷ್ಯಾ ಕರಗ್ಯಾನ, ಮಿಲ್ಲು ಕರಗಿಲ್ಲ."

ಗಂಟು ಬಿಚ್ಚಿ ತೋರಿಸಿದ. ಆರು ವರ್ಷ ನೆಲದೊಳಗೆ ಕೂತು ಆ ಮನುಷ್ಯ ನಮಗಾಗಿ ಸಾಕ್ಷಿ ಕಾಯ್ದಿಟ್ಟಿದ್ದಾನೆ ಅನ್ನಿಸಿತು. ಈ ಮಾತು ಯಾರ ಕಿವಿಗೂ ಬೀಳಬಾರದು, ನೆಟ್ಟಗೆ ಸಾಹೇಬರ ಮೇಜಿನ ಮೇಲೆಯೇ ಇಡಬೇಕು ಅಂತ ಇಬ್ಬರೂ ಗಟ್ಟಿ ಮಾಡಿದೆವು. ವಕೀಲಮ್ಮನಿಗೂ ಹೇಳಲಿಲ್ಲ.

ವಿಚಾರಣೆ ದಿನ ಕೊಟ್ರಪ್ಪ ಎದ್ದು ನಿಂತು, ನಡೆದದ್ದು ಹೇಳಿ, ಗಂಟು ಮೇಜಿನ ಮೇಲಿಟ್ಟ. ಎಲ್ಲರೂ ಕುರ್ಚಿ ಹಿಂದೆ ಸರಿಸಿದರು. ಮಿಲ್ಲಿನ ವಕೀಲ ಮಾತ್ರ ಹತ್ತಿರ ಬಂದು ನೋಡಿ, ಬಹಳ ಮೆತ್ತಗೆ ಕೇಳಿದ.

"ಅಜ್ಜಾರ, ನಿಮ್ಮಲ್ಲಿ ಕುಣಿಯೊಳಗ ಏನೇನು ಇಡ್ತೀರಿ?"

"ಉಪ್ಪು ಹಾಕ್ತೀವ್ರಿ. ಪತ್ರಿ ಹಾಕ್ತೀವಿ. ವಿಭೂತಿ ಗಟ್ಟಿ ಇಡ್ತೀವಿ."

"ವಿಭೂತಿ ಗಟ್ಟಿ ಎಲ್ಲಿಡ್ತೀರಿ?"

ಕೊಟ್ರಪ್ಪ ಮೇಜಿನ ಮೇಲಿನ ಗಂಟಿನ ಕಡೆ ತಿರುಗಿದ. ಅದನ್ನೇ ನೋಡುತ್ತಾ ಹೇಳಿದ. "ಎದಿ ಮುಂದ್ರಿ."

ಮೂಲೆಯಲ್ಲಿದ್ದ ಗುಮಾಸ್ತ ಮೊದಲು ನಕ್ಕ. ಎಷ್ಟೋ ಹೆಣಗಳ ಎದೆ ಮುಂದೆ ತನ್ನ ಕೈಯಾರೆ ವಿಭೂತಿ ಗಟ್ಟಿ ಇಟ್ಟ ಮನುಷ್ಯನಿಗೆ ಅದೇ ನೆನಪಾಗಿರಲಿಲ್ಲ. ದಿನಾ ಹಣೆಗೆ ಹಚ್ಚುವ ನನಗೂ ಗುರುತು ಸಿಗಲಿಲ್ಲ. ಊರಿಗೆ ಬರುವಾಗ ಬಸ್ಸಿನಲ್ಲಿ ಅವನು ಆ ಗಂಟನ್ನು ಎರಡೂ ಕೈಯಿಂದ ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದ. ತೆಲಿಗಿ ಊರು ದಾಟಿದ ಮೇಲೆ, "ತಪ್ಪಾತು, ಅವಗ ವಾಪಸ್ ಕೊಟ್ಟು ಬರಬೇಕು," ಅಂದ. ಮರುದಿನ ಹೋಗಿ ಇಟ್ಟು ಬಂದ.

ವಕೀಲಮ್ಮ ನಮ್ಮಿಬ್ಬರನ್ನೂ ಚೆನ್ನಾಗಿ ಬೈದಳು. ಬೈದಾದ ಮೇಲೆ ನಮ್ಮ ಜಗಲಿಯಲ್ಲಿ ಎಲ್ಲರನ್ನೂ ಕೂಡಿಸಿ ಅಂದಳು, "ಮಣ್ಣಾದ ಮೇಲೆ ಏನು ತಂದರೂ ನಡೆಯಲ್ಲ. ಮಣ್ಣು ಮಾಡುವ ಮುಂಚೆ ಒಬ್ಬರ ಎದೆ ಕೊಯ್ದು ಡಾಕ್ಟರು ಪರೀಕ್ಷೆ ಮಾಡಬೇಕು. ಕಲ್ಲಿನ ಪುಡಿ ಸಿಕ್ಕರೆ ಉಳಿದವರ ಎದೆಯ ಎಕ್ಸ್‌ರೇ ಫೋಟೋಗಳನ್ನೂ ಹೊಸದಾಗಿ ನೋಡೋ ಹಂಗೆ ಕೇಳಬಹುದು."

ಎಲ್ಲರೂ ತಲೆ ತಗ್ಗಿಸಿದೆವು. ನಮ್ಮಲ್ಲಿ ಹೆಣಕ್ಕೆ ಗೀರು ತಾಗಬಾರದು, ಇದ್ದಂಗೆ ಮಣ್ಣಿಗೆ ಹೋಗಬೇಕು. ಆ ಹೆಣ ನನ್ನ ಗಂಡನದಾಗಿದ್ದರೆ ನಾನೂ ಒಪ್ಪುತ್ತಿರಲಿಲ್ಲ.

ಕೊಟ್ರಪ್ಪ ವಕೀಲಮ್ಮನ ಚಪ್ಪಲಿ ನೋಡುತ್ತಾ ಅಂದ. "ನಂದು ತಗೋರಿ ಯವ್ವಾ."

"ನೀವಿನ್ನೂ ಓಡಾಡಿಕೊಂಡು ಇದ್ದೀರಲ್ಲ ಅಜ್ಜಾ."

"ಇಲ್ರಿ. ನನ್ನ ಹೆಜ್ಜಿ ನಾ ಅಳದೀನಿ."

ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಕಾಗದ ಬರೆಸಿದರು, ಸಾಕ್ಷಿಗೆ ನಾನು ಸಹಿ ಮಾಡಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವನಿಗೆ ಮಲಗಲಿಕ್ಕೆ ಆಗುತ್ತಿರಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಗಲೂ ರಾತ್ರಿ ಗೋಡೆಗೆ ಒರಗಿ ಕಾಲು ಮಡಚಿ ಕೂತೇ ಇರುತ್ತಿದ್ದ. ಕೊನೆಯ ಸಲ ಗಂಜಿ ಕೊಟ್ಟು ಬರಲು ಹೋದಾಗ ಆ ಕೂತ ರೀತಿ ನೋಡಿ ಬಾಗಿಲಲ್ಲೇ ನಿಂತೆ.

"ಬಾ ಯಕ್ಕಾ. ಕುಂತು ಕುಂತು ರೂಢಿ ಮಾಡ್ಕೊಳಾಕತ್ತೀನಿ," ಅಂದ.

"ಹೆದರಿಕಿ ಆಗಂಗಿಲ್ಲೇನು ಕೊಟ್ರಪ್ಪ?"

ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು ಹೇಳಿದ. "ಕೊಯ್ಯೋದಕ್ಕ ಹೆದರಿಕಿ ಇಲ್ಲ. ಕೊಯ್ದ ಮ್ಯಾಲೆ ಏನೂ ಸಿಗಲಿಲ್ಲಂದ್ರ? ಮತ್ತ ವಿಭೂತಿ ಹಂಗ ಮಂದಿ ನಕ್ರ?" ಮತ್ತೆ ಉಸಿರೆಳೆದುಕೊಂಡು, "ಊರ ಮಂದಿ ಅಡ್ಡ ನಿಂತ್ರ ನೀ ನಿಲ್ಲಬೇಕು. ಬಸವರಾಜನ ಸಲುವಾಗಿ," ಅಂದ. ಆಗಲಿ ಅಂದೆ.

ಎರಡು ದಿನಕ್ಕೆ ಹೋದ. ಕೂತಂಗೇ ಹೋಗಿದ್ದ. ಆಸ್ಪತ್ರೆಯ ಗಾಡಿ ಬಂದಾಗ ಹಿರಿಯರು ಬಾಗಿಲು ಕಟ್ಟಿ ನಿಂತರು. ನಾನು ಕಾಗದ ಹಿಡಿದು ಅವರೆದುರು ನಿಂತೆ. ಎಲ್ಲರೂ ಅಯ್ಯನವರ ಮುಖ ನೋಡಿದರು. ಕ್ರಿಯೆ ಮಾಡಿಸುವವರು ಅವರೇ. ಅವರು ಕಾಗದ ಇಸಕೊಂಡು ನೋಡಿ ಅಂದರು, "ಮಾತು ಕೊಟ್ಟಾನ. ಒಯ್ಯಿರಿ. ವಾಪಸ್ ತರೋ ತನಕ ನಾ ಇಲ್ಲೇ ಕುಂತಿರ್ತೀನಿ."

ಅವನ ಕುಣಿಯನ್ನು ರೋಗದ ಹದಿನಾಲ್ಕು ಮಂದಿಯೇ ತೋಡಿದರು. ಬೇರೆಯವರಿಗೆ ಗುದ್ದಲಿ ಕೊಡಲಿಲ್ಲ. ಹತ್ತು ಸಲಿಕೆ ಮಣ್ಣೆತ್ತುವಷ್ಟರಲ್ಲಿ ಒಬ್ಬ ಕೂಡುತ್ತಿದ್ದ, ಇನ್ನೊಬ್ಬ ಇಳಿಯುತ್ತಿದ್ದ. ಕುಣಿಯೊಳಗಿಂದ ಮಾತು ಬರುತ್ತಿರಲಿಲ್ಲ, ಸಿಳ್ಳೆಯಂಥ ಉಸಿರು ಬರುತ್ತಿತ್ತು. ಸಂಜೆ ಗಾಡಿ ಬಂತು. ಹೊಲಿಗೆ ಹಾಕಿದ ಎದೆಯ ಮುಂದೆ ಅಯ್ಯನವರು ವಿಭೂತಿ ಗಟ್ಟಿ ಇಟ್ಟರು.

ಕೊಯ್ದ ಡಾಕ್ಟರು ವಕೀಲಮ್ಮನಿಗೆ ಹೇಳಿದರಂತೆ, ಕತ್ತಿ ಇಳಿಯುವಾಗ ಉಸುಕಿನ ಮೇಲೆ ಎಳೆದಂಗೆ ಕರಕರ ಅಂತು ಅಂತ. ವರದಿಯಲ್ಲಿ ಕಲ್ಲಿನ ಧೂಳು ಅಂತಲೇ ಬಂತು. ಅದರ ಮೇಲೆ ಹದಿನಾಲ್ಕು ಮಂದಿಯ ಎದೆಯ ಫೋಟೋಗಳನ್ನು ದೊಡ್ಡ ಡಾಕ್ಟರುಗಳು ಮತ್ತೆ ನೋಡಿದರು, ಟಿಬಿ ಕಾರ್ಡುಗಳನ್ನು ಬದಿಗಿಟ್ಟರು. ಹೋದ ತಿಂಗಳು ಪರಿಹಾರದ ಆರ್ಡರು ಬಂತು, ಹದಿನಾಲ್ಕೂ ಮಂದಿಗೆ. ನನ್ನ ಗಂಡನಂಗೆ ಮೊದಲೇ ಸತ್ತವರ ಕೇಸು ಇನ್ನೂ ನಡೆದಿದೆ.

ಪರೀಕ್ಷೆಗೆ ಅಂತ ತೆಗೆದ ಎದೆಯ ತುಣುಕನ್ನು ಆಸ್ಪತ್ರೆಯವರು ಬಾಟಲಿಯಲ್ಲಿ ಇಟ್ಟುಕೊಂಡಿದ್ದಾರೆ, ಕೇಸು ಮುಗಿಯುವ ತನಕ ಬೇಕಂತೆ. ನಮ್ಮೂರ ಕುಣಿಯಲ್ಲಿ ಕೊಟ್ರಪ್ಪ ಪೂರಾ ಇಲ್ಲ.

ಸೊಸೆಯ ಹೆರಿಗೆ ಅದೇ ಆಸ್ಪತ್ರೆಯಲ್ಲಾಯಿತು. ಬೆಳಿಗ್ಗೆ ಕೂಸಿನ ಮುಖ ನೋಡಿದ್ದೇ ನಾನು ಪೇಡೆ ತರಿಸಿ, ವಾರ್ಡಿನಲ್ಲಿ ಕಂಡ ಕಂಡವರ ಬಾಯಿಗೆ ಹಾಕಿದೆ. ಆಮೇಲೆ ಮೆಟ್ಟಿಲಿಳಿದು, ಕೇಳಿಕೊಂಡು ಕೇಳಿಕೊಂಡು, ಕೆಳಗಿನ ಉದ್ದನೆಯ ಕತ್ತಲೆ ಹಾದಿಯ ಕೊನೆಗೆ ಹೋದೆ. ಮುಚ್ಚಿದ ಬಾಗಿಲು, ಹೊರಗೆ ಸ್ಟೂಲಿನ ಮೇಲೆ ಒಬ್ಬ ಆಳು.

"ಯಾರು ಬೇಕಬೇ?"

"ನಮ್ಮೂರೋರು ಒಬ್ರು ಒಳಗ ಅದಾರ."

"ಇಲ್ಲಿ ಬಾಟ್ಲಿ ಅದಾವ ಅಷ್ಟ. ಮಂದಿ ಇರಂಗಿಲ್ಲ."

"ಗೊತ್ತೈತಪ. ಬಾಗಲದಾಗ ನಿಂತು ಎರಡು ಮಾತು ಹೇಳಿ ಹೋಗ್ತೀನಿ."

ಅವನು ನನ್ನನ್ನೇ ನೋಡುತ್ತಾ ಸ್ಟೂಲು ಸರಿಸಿದ. ಒಳಗೆ ಯಾವುದೋ ಮಿಷನ್ನು ಗುಂಯ್ ಅನ್ನುತ್ತಿತ್ತು. ನಾನು ಬಾಗಿಲಿಗೆ ಬಾಯಿ ಹಚ್ಚಿ ಹೇಳಿದೆ. ಸಿಕ್ಕೈತಿ ಕೊಟ್ರಪ್ಪ, ಯಾರೂ ನಗಲಿಲ್ಲ. ಹದಿನಾಲ್ಕು ಮಂದಿಗೂ ಆರ್ಡರು ಬಂದೈತಿ. ಬಸವರಾಜಗ ಬ್ಯಾರೆ ಔಷಧಿ ಶುರು ಮಾಡ್ಯಾರ. ಹೆಣ್ಣು ಕೂಸು ಹುಟ್ಟೈತಿ, ಅತ್ರ ವಾರ್ಡೆಲ್ಲ ಏಳತೈತಿ, ಅಷ್ಟು ದಮ್ಮು ಐತಿ.

ಹೇಳಿ ಮುಗಿಸಿ ಸೆರಗಿನ ಗಂಟು ಬಿಚ್ಚಿ ಉಳಿದ ಪೇಡೆ ತೆಗೆದೆ. ಒಳಗಿನ ಮಿಷನ್ನು ಗಕ್ಕನೆ ನಿಂತಿತು.

ಆಳಿನ ಕೈಗೆ ಎರಡು ಪೇಡೆ ಇಟ್ಟೆ. ಅವನು ಒಂದು ತಿಂದ, ಇನ್ನೊಂದನ್ನು ಏನು ಮಾಡಬೇಕು ಅಂತ ತಿಳಿಯದೆ ಬಾಗಿಲ ಕಡೆ ನೋಡುತ್ತಾ ಹಿಡಿದುಕೊಂಡೇ ನಿಂತ. ಮೇಲೆ ಕೂಸು ಅಳುವುದು ಕೇಳಿಸಿತು. ನಾನು ಮೆಟ್ಟಿಲು ಹತ್ತಿದೆ.